ಹಳ್ಳದ ದಾರಿಗೆಂದು ಕಲಿತ ಬಡಿಗೆ

ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ನಾನು ಶಿಕ್ಷಕಿಯಾಗಿ ಹೋದದ್ದು ಊರೆಂದು ಕರೆಸಿಕೊಳ್ಳಲು ಸಾಲದ ಒಂದು ವಸ್ತಿಗೆ. ಬೆಳಿಗ್ಗೆ ಹೊರಟರೆ ಸಂಖ ಎಂಬ ಊರಿನ ಸಂತೆ ಮುಗಿಸಿಕೊಂಡು ಸಂಜೆಯೊಳಗೆ ತಿರುಗಿ ಬರಬಹುದಾದ ದೂರ. ಸುತ್ತಲೂ ಜೋಳದ ಹೊಲ, ಅದರಾಚೆ ಕುರಿ ಮೇಯುವ ಬೋಳು ಗುಡ್ಡ. ಸಂತೆಯ ದಾರಿಗೆ ಅಡ್ಡವಾಗಿ ಒಂದು ಹಳ್ಳವಿತ್ತು. ವರ್ಷದ ಬಹುಪಾಲು ಅದರಲ್ಲಿ ನೀರಿರುತ್ತಿರಲಿಲ್ಲ. ಎರಡೂ ದಂಡೆಗೆ ಆಳೆತ್ತರದ ಜಾಲಿ ಬೆಳೆದಿತ್ತು. ಕೆಳಗಿಳಿದವರು ಮೇಲಿನವರಿಗೆ ಕಾಣುತ್ತಿರಲಿಲ್ಲ, ಕೂಗಿದರೂ ಕೇಳುತ್ತಿರಲಿಲ್ಲ.

ಜತ್ತಿನ ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದು ಒಂದೆರಡು ವರ್ಷಗಳಾಗಿದ್ದವು. ಮೊದಲು ಕುದುರೆ ಸವಾರರು ತಿರುಗಾಡುತ್ತಿದ್ದರು, ಈಗ ಕೇಳುವವರಿಲ್ಲ, ಅದಕ್ಕೇ ಹಳ್ಳದಲ್ಲಿ ಕಳ್ಳರ ಕಾಟ ಎಂದು ಹಿರಿಯರು ಹೇಳುತ್ತಿದ್ದರು. ಮೊದಲೂ ಇದ್ದೇ ಇತ್ತು ಎನ್ನುವವರೂ ಇದ್ದರು. ನಾನು ಹೋದ ವರ್ಷ ಅದು ನಿಜವಾಗಿಯೂ ಒಬ್ಬಳ ಮೈಮೇಲೆ ಬಂತು. ನನ್ನ ಶಾಲೆಯ ಹುಡುಗಿಯೊಬ್ಬಳ ತಾಯಿ, ಬೆಣ್ಣೆ ಮಾರಿಕೊಂಡು ಸಂತೆಯಿಂದ ಬರುತ್ತಿದ್ದಾಗ, ಹಳ್ಳದಲ್ಲಿ ಇಬ್ಬರು ಅಡ್ಡಗಟ್ಟಿದರು. ಬಿಚ್ಚಿಕೊಡುವ ತನಕವೂ ಕಾಯದೆ ಬಲಗಿವಿಯ ಬೆಂಡೋಲೆಯನ್ನು ಕಿತ್ತುಕೊಂಡರು. ಕಿವಿಯ ಹಾಲೆ ಎರಡು ಸೀಳಾಯಿತು. ನಾನು ನೋಡಲು ಹೋದಾಗ ಆಕೆ ಅರಿಷಿಣದ ಬಟ್ಟೆ ಒತ್ತಿ ಹಿಡಿದುಕೊಂಡು ಜೋಳ ಹಸನು ಮಾಡುತ್ತಿದ್ದಳು. ನೋವಿನ ಮಾತು ಆಡಲೇ ಇಲ್ಲ. ಇನ್ನು ಸಂತೆಗೆ ಹೋಗಬೇಡವೆಂದು ಮನೆಯಲ್ಲಿ ಹೇಳಿದ್ದಾರೆ ಎಂದಷ್ಟೇ ಹೇಳಿ ಮುಖ ತಿರುಗಿಸಿದಳು.

ಆ ಒಬ್ಬಳಿಗಷ್ಟೇ ಅಲ್ಲ, ಎಲ್ಲ ಮನೆಗಳಲ್ಲೂ ಅದೇ ಮಾತಾಯಿತು. ಬೆಣ್ಣೆ, ಹುರಳಿ, ಕಂಬಳಿಯ ನೂಲು ಎಲ್ಲವನ್ನೂ ಗಂಡಸರೇ ಒಯ್ಯತೊಡಗಿದರು. ಹೆಂಗಸರನ್ನು ಕಾಪಾಡಿದೆವೆಂದು ಅವರಿಗೆ ಸಮಾಧಾನ. ಆದರೆ ಆ ಹೆಂಗಸರಿಗೆ ಸಂತೆಯೆಂದರೆ ಬರೀ ಮಾರುವ ಜಾಗವಾಗಿರಲಿಲ್ಲ. ತವರಿನ ಕಡೆಯವರು ಸಿಗುವುದು ಅಲ್ಲಿ. ಅಕ್ಕ ಬಸುರಾದದ್ದು, ಅಪ್ಪ ಹಾಸಿಗೆ ಹಿಡಿದದ್ದು ತಿಳಿಯುವುದು ಅಲ್ಲಿ. ಬೆಂಡೋಲೆ ಹೋದದ್ದು ಒಬ್ಬಳದು. ಸಂತೆ ಹೋದದ್ದು ಎಲ್ಲರದು.

ನನಗೆ ಬಡಿಗೆ ತಿರುಗಿಸಲು ಬರುತ್ತಿತ್ತು. ನನ್ನ ತಂದೆ ಜತ್ತಿನಲ್ಲಿ ಸಂಸ್ಥಾನದ ಕಾವಲಿನಲ್ಲಿದ್ದವರು. ಆ ಕೆಲಸ ಹೋದ ಮೇಲೆ ತಾಲೀಮಿನ ಗರಡಿಯಲ್ಲಿ ಹುಡುಗರಿಗೆ ಕುಸ್ತಿ, ಬಡಿಗೆ ಕಲಿಸುತ್ತಿದ್ದರು. ಅವರಿಗೆ ಗಂಡುಮಕ್ಕಳಿರಲಿಲ್ಲ. ನಾನು ಚಿಕ್ಕವಳಿದ್ದಾಗ ಹಟ ಹಿಡಿದೆನೆಂದು ಹಿತ್ತಲಲ್ಲಿ ಕಲಿಸಿದ್ದರು. ವಸ್ತಿಗೆ ಹೊರಡುವಾಗ ಒಂದು ಬಿದಿರ ಬಡಿಗೆಯನ್ನು ಎಣ್ಣೆ ಹಚ್ಚಿ ಕೈಗಿತ್ತಿದ್ದರು. ಅದನ್ನು ಹಿಡಿದು ಶಾಲೆಗೆ ಬರುವ ನನ್ನನ್ನು ಕಂಡು, ಅಕ್ಕೋರು ಕುರಿ ಕಾಯಲು ಹೊರಟಿದ್ದಾರೆಂದು ಕಟ್ಟೆಯ ಮೇಲಿನವರು ನಗುತ್ತಿದ್ದರು.

ಕಿವಿ ಮಾಯ್ದ ಮೇಲೆ ಆ ತಾಯಿ ಒಂದು ಮಧ್ಯಾಹ್ನ ಶಾಲೆಯ ಬಾಗಿಲಿಗೆ ಬಂದು ನಿಂತಳು. ಮಗಳ ವಿಚಾರ ಕೇಳಲು ಬಂದಿರಬೇಕೆಂದುಕೊಂಡೆ. ಆಕೆ ಗೋಡೆಗೆ ಒರಗಿಸಿದ್ದ ಬಡಿಗೆ ನೋಡಿದಳು.

"ಅಕ್ಕೋರ, ಇದು ನಮಗ ಬರ್ತದೇನ್ರಿ?" ಎಂದಳು.

ನಾನು ಗೌಡರ ಮನೆಗೆ ಹೋಗಿ ಕೇಳಿದೆ. ಅವರು ಬಹಳ ಹೊತ್ತು ಎಲೆಯಡಿಕೆ ಅಗಿದು, ಹಳ್ಳದ ಸಲುವಾಗಿಯಾದರೆ ಅಡ್ಡಿಯಿಲ್ಲ, ಆದರೆ ಕಲಿಸುವವರು ವಯಸ್ಸಾದವರಿರಲಿ ಎಂದರು. ಹೀಗೆ ನನ್ನ ತಂದೆ ರವಿವಾರ ರವಿವಾರ ಜತ್ತಿನಿಂದ ಬರತೊಡಗಿದರು. ಯಾವುದಾದರೂ ಗಾಡಿ ಸಿಕ್ಕರೆ ಗಾಡಿ, ಇಲ್ಲದಿದ್ದರೆ ನಡಿಗೆ.

ಶಾಲೆಯ ಹಿಂದೆ ಬೇವಿನ ಮರದ ಕೆಳಗೆ ಏಳೆಂಟು ಹೆಂಗಸರು ಸೇರುತ್ತಿದ್ದರು. ಕಿವಿ ಹರಿದುಕೊಂಡವಳು ಎಲ್ಲರಿಗಿಂತ ಮೊದಲು ಬರುವಳು. ಕುರುಬರ ಮುದುಕಿಯೊಬ್ಬಳು, ಜನ್ಮವೆಲ್ಲ ಕೋಲು ಹಿಡಿದೇ ಕುರಿ ಕಾಯ್ದವಳು, ತನಗೇನು ಹೊಸದು ಕಲಿಸುತ್ತೀರೆಂದು ನಗುತ್ತ ಬರುವಳು. ಇನ್ನೊಬ್ಬಳು ಗೌಡರ ಭಾವಕಿಯ, ಅಂದರೆ ದಾಯಾದಿಗಳ, ಮನೆಯ ಸೊಸೆ. ವಯಸ್ಸಿನಲ್ಲಿ ನನ್ನ ಓರಗೆಯವಳು, ಕೇಳಿದ್ದಕ್ಕಷ್ಟೇ ಉತ್ತರ ಕೊಡುವವಳು. ಬಡಿಗೆ ಹಿಡಿದರೆ ಮಾತ್ರ ಅವಳೇ ಬೇರೆಯಾಗುತ್ತಿದ್ದಳು. ಹೇಳಿದ್ದನ್ನು ಎರಡನೆಯ ಸಲ ಹೇಳಬೇಕಾಗುತ್ತಿರಲಿಲ್ಲ.

ಅಪ್ಪ ಯಾರಿಗೂ ಹೊಡೆಯುವುದನ್ನು ಬೇಗ ಕಲಿಸಲಿಲ್ಲ. "ಹೊಡಿಯೂದು ಎಲ್ಲಾರಿಗೂ ಬರ್ತದ. ಮದಲ ತಡಿಯೂದು ಕಲೀರಿ," ಎಂದು ಬಡಿಗೆಯ ಎರಡೂ ತುದಿ ಹಿಡಿಸಿ, ತಲೆಯ ಮೇಲೆ ಓರೆಯಾಗಿ ಎತ್ತಿಸುತ್ತಿದ್ದರು. ನೆಟ್ಟಗೆ ಹಿಡಿದರೆ ಪೆಟ್ಟು ಕೈಗೆ ಇಳಿಯುತ್ತದೆ, ಓರೆ ಹಿಡಿದರೆ ಜಾರಿ ನೆಲಕ್ಕೆ ಹೋಗುತ್ತದೆ. ಎದುರಿನವನ ಕಣ್ಣು ನೋಡಬೇಡಿ, ಕಣ್ಣು ಅಂಜಿಸುತ್ತದೆ. ಭುಜ ನೋಡಿ, ಪೆಟ್ಟು ಹೊರಡುವುದು ಅಲ್ಲಿಂದ. ಓಡಲು ದಾರಿಯಿದ್ದರೆ ಓಡಿ, ಅದರಲ್ಲಿ ಅವಮಾನವಿಲ್ಲ. ಸೆರಗು ಸೊಂಟಕ್ಕೆ ಬಿಗಿದ ಆ ಹೆಂಗಸರು ಮೊದಮೊದಲು ಅಪ್ಪನ ಬಡಿಗೆ ಮೇಲೆದ್ದ ಕೂಡಲೇ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಿದ್ದರು. ಎಲ್ಲರೂ ಒಂದೇ ರೀತಿ ತಗ್ಗಿಸುತ್ತಿದ್ದರು. ಅದೇಕೆಂದು ಆಗ ನಾನು ಯೋಚಿಸಲಿಲ್ಲ.

ಸುಗ್ಗಿಗೆ ಮುಂಚೆ ಅವರು ಗುಂಪು ಕಟ್ಟಿಕೊಂಡು ಮತ್ತೆ ಸಂತೆಗೆ ಹೊರಟರು. ಶಾಲೆಗೆ ಸೂಟಿ ಇದ್ದ ಒಂದು ಸಂತೆಯ ದಿನ ನಾನೂ ಹೋಗಿದ್ದೆ. ತಿರುಗಿ ಬರುವಾಗ ಹಳ್ಳದಲ್ಲಿ ಬಂಡೆಯ ಮೇಲೆ ಇಬ್ಬರು ಕುಳಿತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ನನಗೆ ಕಲಿತದ್ದೆಲ್ಲ ಮರೆತಂತಾಯಿತು. ನಮ್ಮಲ್ಲಿ ಯಾರೂ ನಿಲ್ಲಲಿಲ್ಲ, ಓಡಲೂ ಇಲ್ಲ. ಕುರುಬರ ಮುದುಕಿ ಮುಂದೆ ಹೋಗಿ, ಯಾವೂರಿನವರಪ್ಪಾ ಎಂದು ತನ್ನ ಮನೆಗೆ ಬಂದವರನ್ನು ಕೇಳಿದಂತೆ ಕೇಳಿದಳು. ಒಬ್ಬ ಯಾವುದೋ ಊರಿನ ಹೆಸರು ಗೊಣಗಿದ. ಇನ್ನೊಬ್ಬ ಬಡಿಗೆಗಳನ್ನು ನೋಡಿದ. ಇಬ್ಬರೂ ಜಾಲಿಯ ಸಂದಿನಲ್ಲಿ ದಂಡೆ ಹತ್ತಿ ಹೋದರು. ಕಳ್ಳರೋ, ಬಿಸಿಲಿಗೆ ಕುಳಿತ ದಾರಿಹೋಕರೋ, ನಮಗೆ ಕೊನೆಗೂ ತಿಳಿಯಲಿಲ್ಲ. ಮೇಲೆ ಬಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿ ನಗಲು ಹತ್ತಿದವರು ವಸ್ತಿ ಕಾಣುವ ತನಕ ನಗುತ್ತಲೇ ಬಂದೆವು.

ವಿಷಯ ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ನನಗಿರಲಿಲ್ಲ.

ರಾಶಿ ಮಾಡುವ ದಿನಗಳಲ್ಲಿ ಒಂದು ಸಂಜೆ, ಆ ಮಾತು ಕಡಿಮೆಯ ಸೊಸೆಯ ಗಂಡ ಹೊಲದಿಂದ ಬಂದು, ಎತ್ತಿಗೆ ನೀರು ಇಟ್ಟಿಲ್ಲವೆಂದು ಬಾರಕೋಲಿನ ಹಿಡಿಯಿಂದ ಹೊಡೆಯಲು ಕೈ ಎತ್ತಿದ. ಅವನು ಕೆಟ್ಟವನೆಂದು ವಸ್ತಿಯಲ್ಲಿ ಯಾರೂ ಹೇಳುತ್ತಿರಲಿಲ್ಲ. ದುಡಿಯುವವನು, ಶಾಲೆಯ ಚಾವಣಿ ಹಾರಿಹೋದಾಗ ಕರೆಯದೆಯೇ ಬಂದು ಹೊದಿಸಿಕೊಟ್ಟವನು. ಹೆಂಡತಿಯನ್ನು ಹೊಡೆಯುತ್ತಿದ್ದ, ಅದು ಅಲ್ಲಿ ಯಾರ ಕಣ್ಣಿಗೂ ಬೀಳುವಂಥದಾಗಿರಲಿಲ್ಲ. ಆ ಸಂಜೆ ಅವಳ ಕೈಗೆ ಗೋಡೆಗೆ ನಿಲ್ಲಿಸಿದ್ದ ಬಡಿಗೆ ಬಂತು. ಎರಡೂ ತುದಿ ಹಿಡಿದು ತಲೆಯ ಮೇಲೆ ಓರೆಯಾಗಿ ಎತ್ತಿದಳು. ಅವನ ಪೆಟ್ಟು ಬಡಿಗೆಯ ಮೇಲೆ ಜಾರಿತು. ಮೈಯ ಭಾರವೆಲ್ಲ ಹಾಕಿದ್ದವನು ಆ ರಭಸಕ್ಕೇ ಮುಂದೆ ಮುಗ್ಗರಿಸಿ, ದನಗಳು ನೀರು ಕುಡಿಯುವ ಕಲ್ಲಿನ ದೋಣಿಯ ಮೇಲೆ ಬಿದ್ದು ಮುಂಗೈ ಮುರಿದುಕೊಂಡ.

ಮರುದಿನ ಶಾಲೆಯ ಪ್ರಾರ್ಥನೆ ಮುಗಿಯುವ ಮೊದಲೇ ಗೌಡರೂ ನಾಲ್ಕಾರು ಹಿರಿಯರೂ ಬಂದರು. ಯಾರೂ ಧ್ವನಿ ಏರಿಸಲಿಲ್ಲ. ಗೌಡರು ಕುರ್ಚಿಯ ಮೇಲೆ ಕುಳಿತು, ಕೈಯಲ್ಲಿದ್ದ ರುಮಾಲು ಮಡಚಿ ತೊಡೆಯ ಮೇಲಿಟ್ಟುಕೊಂಡರು.

"ಹಳ್ಳದಾಗಿನ ಕಳ್ಳರ ಸಲುವಾಗಿ ಅಂತ ನಾವು ಹೂಂ ಅಂದ್ವಿ, ಅಕ್ಕೋರ," ಎಂದರು. "ಮನ್ಯಾಗಿನ ಗಂಡಸರ ಸಲುವಾಗಿ ಅಲ್ಲ."

ಶಾಲಾ ತಪಾಸಣೆಯ ಸಾಹೇಬರಿಗೆ ತಿಳಿಸಿದರೆ ನನ್ನ ಕೆಲಸ ಹೋಗುತ್ತದೆಂಬ ಭಯ ಒಂದು ಕಡೆ. ಅವಳು ತಪ್ಪು ಮಾಡಿದಳೆಂದು ಒಪ್ಪಿಕೊಳ್ಳಲು ನಾಲಿಗೆ ಏಳದಿದ್ದದ್ದು ಇನ್ನೊಂದು ಕಡೆ. ರವಿವಾರ ತಂದೆಯವರು ಬರುತ್ತಾರೆ, ಅವರನ್ನೇ ಕೇಳಿ ಎಂದೆ.

ಅಪ್ಪ ಏನು ಹೇಳಬಹುದೆಂದು ನನಗೇ ತಿಳಿದಿರಲಿಲ್ಲ. ಅವರು ಹಳೆಯ ಕಾಲದವರು. ಗಂಡಸಿನ ಮಾತಿಗೆ ಎದುರಾಡಿದ ಹೆಂಗಸನ್ನು ಅವರು ಹೊಗಳಿದ್ದನ್ನು ನಾನು ಕೇಳಿರಲಿಲ್ಲ. ವಿದ್ಯೆಯನ್ನು ತಪ್ಪು ಕಡೆ ಬಳಸಿದಳೆಂದು ಅವಳನ್ನೇ ಬೈಯುತ್ತಾರೆಂದು ಅಂಜಿದ್ದೆ. ಅವರು ಎಲ್ಲ ಕೇಳಿಕೊಂಡು, ಆ ಗಂಡನನ್ನು ಮೊದಲು ನೋಡಬೇಕೆಂದರು. ಗೌಡರೂ ನಾನೂ ಜೊತೆಗೆ ಹೋದೆವು. ಅವನು ಕಟ್ಟೆಯ ಮೇಲೆ ಕೈಗೆ ಬಿದಿರಿನ ದಬ್ಬೆ ಕಟ್ಟಿಸಿಕೊಂಡು ಕುಳಿತಿದ್ದ. ಅವಳು ಬಾಗಿಲ ಒಳಗೆ ನಿಂತಿದ್ದಳು. ಸೆರಗಿನ ಅಂಚಷ್ಟೇ ಕಾಣುತ್ತಿತ್ತು.

ಅಪ್ಪ ಅವನ ಪಕ್ಕದಲ್ಲಿ ಕುಳಿತು, ದಬ್ಬೆ ಸರಿಯಾಗಿ ಕಟ್ಟಿದ್ದಾರೆಯೇ ಎಂದು ಕೈ ಮುಟ್ಟಿ ನೋಡಿದರು. ತಾಲೀಮಿನಲ್ಲಿ ಕೈಕಾಲು ಮುರಿದವರನ್ನು ನೋಡಿ ರೂಢಿ ಅವರಿಗೆ. ಆಮೇಲೆ ಕೇಳಿದರು.

"ಅಕಿ ನಿನಗ ಹೊಡದ್ಳೇನು?"

"ಇಲ್ಲರಿ," ಎಂದ. "ಪೆಟ್ಟು ಜಾರಿತ್ರಿ. ನಾನ ಬಿದ್ದೆ."

ಸುಳ್ಳು ಹೇಳಬಹುದಿತ್ತು. ಹೇಳಿದ್ದರೆ ಎಲ್ಲರೂ ನಂಬುತ್ತಿದ್ದರು. ಅವನು ಹೇಳಲಿಲ್ಲವೆಂಬುದನ್ನು ನಾನು ಇಂದಿಗೂ ಮರೆತಿಲ್ಲ.

ಅಪ್ಪ ಗೌಡರ ಕಡೆ ತಿರುಗಿದರು. "ಬಂದ ಪೆಟ್ಟು ತಡೀರಿ ಅಂತ ಕಲಿಸೀನ್ರಿ. ಯಾರ ಪೆಟ್ಟು ತಡೀಬೇಕು, ಯಾರದು ತಡೀಬಾರದು ಅಂತ ಕಲಿಸಾಕ ನನಗ ಬರೂದಿಲ್ಲ," ಎಂದರು.

ಗೌಡರು ವಾದ ಮಾಡಲಿಲ್ಲ. ಇನ್ನು ಪಾಠ ಸಾಕು ಎಂದರು. ಅಪ್ಪ ಸರಿ ಎಂದು ಎದ್ದರು. ನನಗೆ ಸಿಟ್ಟು ಬಂತು, ಇಷ್ಟು ಹೇಳಿ ಇಷ್ಟಕ್ಕೇ ಬಿಟ್ಟುಕೊಟ್ಟರಲ್ಲ ಎಂದು. ದಾರಿಯ ತನಕ ಅವರನ್ನು ಕಳಿಸಲು ಹೋದಾಗ ಅದನ್ನೇ ಕೇಳಿದೆ. ತಾವು ಈಗ ಜತ್ತಿಗೆ ಹೊರಟವರು, ಅವಳು ಇಲ್ಲೇ ಬಾಳುವವಳು, ಜಗಳ ಹೆಚ್ಚಿಸಿದರೆ ಅದು ಅವಳ ತಲೆಯ ಮೇಲೆ ಬರುತ್ತದೆ ಎಂದರು. ಸ್ವಲ್ಪ ದೂರ ನಡೆದ ಮೇಲೆ ನಿಂತರು. ನನ್ನ ಮುಖ ನೋಡದೆ ಹೇಳಿದರು:

"ನಿನಗ ಕಲಿಸಿದೆ. ಊರ ಹೆಣ್ಣಮಕ್ಕಳಿಗೆ ಕಲಿಸಿದೆ. ನಿಮ್ಮವ್ವಗ ಮಾತ್ರ ಕಲಿಸಲಿಲ್ಲ ನೋಡು."

ಮಗುವಾಗಿದ್ದಾಗ ಒಳಮನೆಯಿಂದ ಕೇಳಿದ ಸದ್ದುಗಳು ನನಗೆ ನೆನಪಿದ್ದವು. ಅವರಿಗೂ ಅದು ಗೊತ್ತಿತ್ತು. ಆ ಹೆಂಗಸರು ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಿದ್ದುದು ನೆನಪಾಯಿತು. ಅಭ್ಯಾಸವಿಲ್ಲದವರ ಅಂಜಿಕೆ ಅದಾಗಿರಲಿಲ್ಲ. ಅದೂ ಒಂದು ಅಭ್ಯಾಸವೇ ಆಗಿತ್ತು.

ಬೇಸಿಗೆಯ ಸೂಟಿಗೆ ನಾನು ಜತ್ತಿಗೆ ಹೋಗಿದ್ದಾಗ, ಒಂದು ಬೆಳಿಗ್ಗೆ ಅಪ್ಪ ಹಿತ್ತಲಿನಿಂದ ಅವ್ವನನ್ನು ಕರೆದರು. ಎರಡು ಬಡಿಗೆ ತಂದು ನಿಂತಿದ್ದರು. ಅವ್ವ ನೋಡಿ, ರೊಟ್ಟಿ ಹೊತ್ತುತ್ತವೆಂದು ಒಳಗೆ ಹೋದಳು. ಎರಡು ದಿನ ಬಿಟ್ಟು ತಾನಾಗಿಯೇ ಹೊರಗೆ ಬಂದಳು. ಅಪ್ಪ ಹಿಡಿಯುವುದನ್ನು ತೋರಿಸಿದರು. ಆಮೇಲೆ ತಮ್ಮ ಬಡಿಗೆಯನ್ನು ಮೆಲ್ಲಗೆ, ಬಹಳ ಮೆಲ್ಲಗೆ ಮೇಲೆತ್ತಿದರು. ಅವ್ವ ತನ್ನ ಬಡಿಗೆ ಎತ್ತಲಿಲ್ಲ. ಕಣ್ಣು ಮುಚ್ಚಲೂ ಇಲ್ಲ. ಸುಮ್ಮನೆ ಅವರನ್ನು ನೋಡುತ್ತ ನಿಂತಳು. ಅಪ್ಪ ಕೈ ಇಳಿಸಿದರು. ಅವರು ಅವಳಿಗೆ ಮತ್ತೆಂದೂ ಕಲಿಸಲು ಹೋಗಲಿಲ್ಲ. ಅವಳ ಮೇಲೆ ಕೈ ಎತ್ತುವುದು ಬಹಳ ಹಿಂದೆಯೇ ನಿಂತಿತ್ತು. ಆದರೆ ಅವ್ವನ ನೋಟಕ್ಕೆ ಆ ಲೆಕ್ಕ ತಿಳಿದಂತಿರಲಿಲ್ಲ.

ವಸ್ತಿಯಲ್ಲಿ ಪಾಠ ನಿಂತರೂ ಬಡಿಗೆಗಳು ಮನೆಗಳಲ್ಲಿ ಉಳಿದವು. ಹಳ್ಳ ಇನ್ನೂ ಇತ್ತಲ್ಲ, ಬೇಡವೆನ್ನಲು ಯಾರಿಗೂ ಬಾಯಿರಲಿಲ್ಲ. ಹೆಂಗಸರು ಸಂತೆಗೆ ಹೋಗುವುದೂ ನಿಲ್ಲಲಿಲ್ಲ. ಕೆಲವು ವರ್ಷಗಳ ಮೇಲೆ ನನಗೆ ಮುಚ್ಚಂಡಿಯ ಶಾಲೆಗೆ ಬದಲಿಯಾಯಿತು. ಹೊರಡುವ ದಿನ ಆ ಸೊಸೆ ನನ್ನ ಟ್ರಂಕು ಹೊತ್ತುಕೊಂಡು ಬಸ್ಸಿನ ದಾರಿಯ ತನಕ ಬಂದಳು. ಅಷ್ಟು ದಿನ ಕೇಳದಿದ್ದದ್ದನ್ನು ಅಂದು ಕೇಳಿದೆ: ಗಂಡ ಈಗ ಹೊಡೆಯುವುದಿಲ್ಲವೇ ಎಂದು.

"ಪೂರಾ ಬಿಟ್ಟಾನ ಅಂತ ಹೆಂಗ ಹೇಳ್ಲಿ," ಎಂದಳು. "ಕೈ ಎತ್ತತಾನ್ರಿ. ಎತ್ತಿದ ಕೈ ಒಂದೊಂದ್ಸಲ ಅಲ್ಲೇ ನಿಲ್ತದ. ಅವಗ ನನ್ನ ಅಂಜಿಕಿ ಇಲ್ಲ. ನನಗ ಅವನ ಅಂಜಿಕಿ ಕಡಿಮ್ಯಾತು, ಅದು ಅವಗ ತಿಳದೈತಿ."

ಇದು ಗೆಲುವೋ ಅಲ್ಲವೋ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ಹಳ್ಳದ ಆ ಇಬ್ಬರು ಜಾಲಿಯ ಸಂದಿನಲ್ಲಿ ಮಾಯವಾದ ಹಾಗೆ ಆ ಭಯ ಒಂದೇ ದಿನ ಹೋಗುವಂಥದಾಗಿರಲಿಲ್ಲ. ಅವಳು ಟ್ರಂಕನ್ನು ಬಸ್ಸಿನ ಮೇಲೆ ಎತ್ತಿಕೊಟ್ಟು, ಮನೆಯಲ್ಲಿ ಮಲಗಿಸಿ ಬಂದ ಮಗು ಅಳುತ್ತಿರಬಹುದೆಂದು ಲಗುಬಗೆಯಿಂದ ವಸ್ತಿಯ ಕಡೆ ನಡೆದಳು.