ಮಾವನ ಎದುರು ಕೂರಲಾಗದ ಸೊಸೆ

ಮಾವ ಬರುತ್ತಿರುವುದು ದೂರದಿಂದ ಕಂಡರೆ ಸಾಕು, ನ್ಯಾಚಿರ್ವಾ ತಲೆಯ ಮೇಲಿನ ಕೊಡದ ಸಮೇತ ದಾರಿ ಬಿಟ್ಟು ಮರಗೆಣಸಿನ ಹೊಲಕ್ಕೆ ಇಳಿದುಬಿಡುತ್ತಿದ್ದಳು. ಮಾವ ಆಮೋಸಿ ಕುಮ್ವೆಂಡನೂ ಕಮ್ಮಿಯವನಲ್ಲ. ಸೊಸೆಗೆ ತಪ್ಪಿಸಿಕೊಳ್ಳಲು ಪುರುಸೊತ್ತು ಸಿಗಲಿ ಎಂದು ತಿರುವಿನ ಆಚೆಯಿಂದಲೇ ಗಂಟಲು ಹರಿಯುವ ಹಾಗೆ ಕೆಮ್ಮಿಕೊಂಡು ಬರುತ್ತಿದ್ದ. ಹಾಗಂತ ಇಬ್ಬರ ನಡುವೆ ಜಗಳವಿತ್ತು ಅಂದುಕೊಳ್ಳಬೇಡಿ. ನಮ್ಮ ರುಂಫಿ ಜಿಲ್ಲೆಯ ಹಳೆಯ ಮನೆತನಗಳಲ್ಲಿ ಸೊಸೆಯಾದವಳು ಮಾವನ ಮುಖ ನೋಡುವಂತಿಲ್ಲ, ಅವನ ಮುಂದೆ ತುತ್ತು ಎತ್ತುವಂತಿಲ್ಲ, ಅವನ ಹೆಸರು ಬಾಯಿಗೆ ತರುವಂತಿಲ್ಲ. ಮಾವನೂ ಅಷ್ಟೇ, ಸೊಸೆಯ ಕಡೆ ಕಣ್ಣೆತ್ತಬಾರದು. ನಮ್ಮಲ್ಲಿ ಅದಕ್ಕೆ ಮರ್ಯಾದೆ ಅನ್ನುತ್ತಾರೆ.

ಮುದುಕನಿಗೆ ಅವಳ ಹತ್ತಿರ ಏನಾದರೂ ಹೇಳಬೇಕಿದ್ದರೆ ಅಂಗಳದ ನಾಯಿಗೆ ಹೇಳುತ್ತಿದ್ದ.

“ಏ ಕರಿಯಾ, ಈ ಮನೇಲಿ ಉಪ್ಪು ಖಾಲಿಯಾಗಿದೆಯೇನೋ? ಸೊಪ್ಪು ಬರೀ ಸಪ್ಪೆ.”

ಒಳಗಿನಿಂದ ಸೊಸೆ ಅನ್ನುತ್ತಿದ್ದಳು, “ಕರಿಯಾ, ಉಪ್ಪು ಇದೆ, ಹಾಕೋದು ಮರೆತುಹೋಯ್ತು ಅಂತ ಹೇಳಪ್ಪ.”

ನಾಯಿ ಪಾಪ, ಗೋಡೆಯನ್ನೊಮ್ಮೆ ಮುದುಕನನ್ನೊಮ್ಮೆ ನೋಡಿ ಮಲಗಿಬಿಡುತ್ತಿತ್ತು.

ಈ ನ್ಯಾಚಿರ್ವಾ ಅಂದರೆ ಯಾರು ಅಂದುಕೊಂಡಿರಿ? ಚಿರ್ವಾ ಕುಲದ ಮಗಳು, ಸೈಕಲ್ ರಿಪೇರಿ ಮಾಡುವ ಖುಂಬೊ ಕುಮ್ವೆಂಡನ ಹೆಂಡತಿ, ಜೊತೆಗೆ ದೇವಶಾಸ್ತ್ರದ ಕಾಲೇಜು ಮುಗಿಸಿ ಬಂದು ಸಭೆಯಲ್ಲಿ ಸುವಾರ್ತೆ ಸಾರುವವಳು. ನಮ್ಮ ಚರ್ಚುಗಳ ಮಹಾಸಭೆ ಹೆಂಗಸರಿಗೂ ಪಾದ್ರಿಯಾಗುವ ಗುರುದೀಕ್ಷೆ ಕೊಡಬಹುದು ಎಂದು ತೀರ್ಮಾನ ಮಾಡಿದ ಕಾಲದಲ್ಲಿ ಓದಿದವಳು. ಅವಳ ಜೊತೆ ಓದಿದವರೆಲ್ಲ ಬಿಳಿ ಕಾಲರು ಹಾಕಿಕೊಂಡು ಸಭಾಪಾಲಕರಾಗಿ ಹೋದರು. ಇವಳು ಮಾತ್ರ ಇದ್ದಲ್ಲೇ ಇದ್ದಳು. ಏಕೆಂದರೆ ಮಹಾಸಭೆ ಹೂಂ ಅಂದರೆ ಸಾಲದು, ಊರಿನ ಸಭೆಯ ಹಿರಿಯರೂ ‘ಇವಳು ನಮಗೆ ಬೇಕು’ ಎಂದು ಕೈ ಎತ್ತಬೇಕು. ನಮ್ಮ ಹಿರಿಯರಲ್ಲಿ ಹಿರಿಯ ಯಾರು? ಮಾವ ಆಮೋಸಿ. ವಿಷಯ ಬಂದಾಗಲೆಲ್ಲ ಅವನು ಎದ್ದು ನಿಂತು, “ಹೆಂಗಸರು ಸಭೆಯಲ್ಲಿ ಬಾಯಿ ಮುಚ್ಚಿಕೊಂಡಿರಲಿ ಅಂತ ಪೌಲ ಹೇಳಿದಾನೆ, ಗೊತ್ತಿದೆಯಲ್ಲ?” ಎಂದು ಕೂತುಬಿಡುತ್ತಿದ್ದ. ಮಿಕ್ಕವರು ತಲೆ ತಗ್ಗಿಸುತ್ತಿದ್ದರು. ಮುಗಿಯಿತು ಕಥೆ.

ಅವಳು ಭಾನುವಾರ ಪ್ರಸಂಗ ಮಾಡಲು ನಿಂತರೆ ಮುದುಕ ಎದ್ದು ಹೊರಗೆ ಹೋಗುತ್ತಿದ್ದ. ನೋಡಿದವರೆಲ್ಲ, ‘ಹೆಂಗಸು ಬೋಧನೆ ಮಾಡೋದನ್ನ ಕಂಡರೆ ಆ ಮನುಷ್ಯನಿಗೆ ಮೈ ಉರಿಯುತ್ತೆ’ ಅಂದುಕೊಂಡರು. ನ್ಯಾಚಿರ್ವಾಳೂ ಹಾಗೇ ಅಂದುಕೊಂಡಳು. ಅವಳ ಫಜೀತಿಯೇ ಬೇರೆ. ಬೈಬಲ್ಲಿನ ಪ್ರವಾದಿಗಳಲ್ಲೂ ಒಬ್ಬ ಆಮೋಸ ಇದ್ದಾನಲ್ಲ! ಮಾವನ ಹೆಸರು ಹೇಳುವಂತಿಲ್ಲ ಎಂದು ಅವನನ್ನು ‘ಆ ತೆಕೋವದ ಕುರುಬ’ ಎಂದೇ ಕರೆದು ಪಾಠ ಮುಗಿಸುತ್ತಿದ್ದಳು. ಹಿಂದಿನ ಬೆಂಚಿನ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡು ನಗುತ್ತಿದ್ದರು.

ಆದರೆ ಅವಳ ಸಂಕಟ ನಗುವಂಥದ್ದಲ್ಲ. ಆ ವರ್ಷದ ಮಳೆಗಾಲದಲ್ಲಿ ಹೊಳೆ ತುಂಬಿ, ಮೋಟಾರ್ ಸೈಕಲ್ಲಿನಲ್ಲಿ ಬರಬೇಕಾದ ಪಾದ್ರಿ ಆಚೆ ದಡದಲ್ಲೇ ಉಳಿದರು. ಇತ್ತ ಸಾಯಲು ಬಿದ್ದಿದ್ದ ಮುದುಕಿಯೊಬ್ಬಳು, “ಮಗಳೇ, ಪ್ರಭುವಿನ ರೊಟ್ಟಿ ಒಂದು ಚೂರು ಬಾಯಿಗೆ ಹಾಕೇ” ಎಂದು ನ್ಯಾಚಿರ್ವಾಳ ಕೈ ಹಿಡಿದುಕೊಂಡಳು. ದೀಕ್ಷೆ ಇಲ್ಲದ ಕೈ ಅದು. ಪ್ರಭು ಭೋಜನದ ರೊಟ್ಟಿ ಮುರಿದು ಕೊಡುವ ಹಕ್ಕಿಲ್ಲ. ಮುದುಕಿ ಕೇಳುತ್ತಲೇ ಪ್ರಾಣ ಬಿಟ್ಟಳು. ಮಣ್ಣು ಮಾಡಿ ಬಂದ ಮೇಲೆ ನ್ಯಾಚಿರ್ವಾ ಹಿತ್ತಲಲ್ಲಿ ಕೂತು ಅತ್ತಳು, ಮಾವನ ಮೇಲಿನ ಸಿಟ್ಟಿನಿಂದ ಹಲ್ಲು ಕಚ್ಚಿಕೊಂಡು ಅತ್ತಳು.

ಮಳೆ ನಿಂತ ಮೇಲೆ ವಲಯದ ಅಧ್ಯಕ್ಷ ರೆವರೆಂಡ್ ಮ್ಹಾಂಗೊ ಹೇಳಿಕಳಿಸಿದರು: ಶನಿವಾರ ಬರುತ್ತೇನೆ, ನ್ಯಾಚಿರ್ವಾಳ ದೀಕ್ಷೆಯ ಬಗ್ಗೆ ಹಿರಿಯರು ಕೊನೆಯ ಮಾತು ಹೇಳಲಿ. ಈ ಸಲವೂ ಬೇಡ ಅಂದರೆ ಪಟ್ಟಿಯಿಂದ ಅವಳ ಹೆಸರು ಬಿಟ್ಟುಹೋಗುತ್ತದೆ, ಶಾಲೆಯಲ್ಲಿ ಪಾಠ ಹೇಳಿಕೊಂಡು ಇರಲಿ.

ನ್ಯಾಚಿರ್ವಾ ಯುದ್ಧಕ್ಕೆ ಹೊರಟವಳ ಹಾಗೆ ತಯಾರಾದಳು. ಒರಳಿನಲ್ಲಿ ಮರಗೆಣಸು ಕುಟ್ಟುತ್ತಾ ಒಂದೊಂದು ಏಟಿಗೆ ಒಂದೊಂದು ವಾದ ಒಪ್ಪಿಸತೊಡಗಿದಳು. ಸಮಾಧಿಯಿಂದ ಎದ್ದು ಬಂದ ಯೇಸುವನ್ನು ಮೊದಲು ಕಂಡು ಸುದ್ದಿ ಹೇಳಿದ್ದು ಯಾರು? ಹೆಣ್ಣು! ಧಡ್. ಪೌಲನ ಜೊತೆ ಕೆಲಸ ಮಾಡಿದ ಫೊಯಿಬೆ ಯಾರು? ಹೆಣ್ಣು! ಧಡ್.

ಪಕ್ಕದಲ್ಲಿ ಮೀನು ಹರವುತ್ತಿದ್ದ ಅತ್ತೆ ನ್ಯಾಮೊಯೊ ಕಿಸಕ್ಕನೆ ನಕ್ಕಳು. “ಆ ಪೌಲನಿಗೆ ಯಾಕೆ ಹೀಗೆ ಕುಟ್ತೀಯೇ? ಪಾಪ, ಅವನಿಗೂ ಇದಕ್ಕೂ ಏನು ಸಂಬಂಧ?”

“ಅತ್ತೆ, ಅವರು ಪ್ರತಿ ಸಲ ಎತ್ತೋದು ಪೌಲನ ಹೆಸರೇ ತಾನೇ?”

“ಎತ್ತದೆ ಇನ್ನೇನು ಮಾಡ್ತಾರೆ? ಇದ್ದ ವಿಷಯ ಹೇಳೋಕಾಗುತ್ತಾ? ಪ್ರಭು ಭೋಜನದ ದಿನ ಪಾದ್ರಿ ಎಲ್ಲಿ ಕೂರ್ತಾರೆ ಹೇಳು.”

“ಮೇಜಿನ ಹತ್ತಿರ.”

“ಹಿರಿಯರು?”

“ಅದೇ ಮೇಜಿನ…” ಒನಕೆ ಅಲ್ಲೇ ನಿಂತಿತು.

“ಹೂಂ. ಎದುರಿಗೆ. ಪಾದ್ರಿ ಕೈಯಿಂದಲೇ ತಟ್ಟೆ ಇಸ್ಕೋಬೇಕು, ಪಾದ್ರಿ ಮುಂದೆಯೇ ತಿನ್ನಬೇಕು. ‘ಸೊಸೆ ಪಾದ್ರಿಯಾಗಿ ಕೂತರೆ, ಊರೆಲ್ಲ ನೋಡ್ತಿರುವಾಗ ನನ್ನ ಕಣ್ಣು ಎಲ್ಲಿಡಲೇ?’ ಅಂತ ನಿನ್ನ ಮಾವ ಎಷ್ಟು ಸಲ ಗೋಳಾಡಿದಾರೆ ನನ್ನ ಹತ್ತಿರ.”

ನ್ಯಾಚಿರ್ವಾಳಿಗೆ ಮೊದಲು ನಗು ಬಂತು, ಹಿಂದೆಯೇ ರೇಗಿಹೋಯಿತು. “ಅಯ್ಯೋ ದೇವರೇ! ಇಷ್ಟಕ್ಕೇನಾ? ನೀವಾದರೂ ಒಂದು ಮಾತು ಹೇಳಬಾರದಿತ್ತಾ?”

“ಗಂಡನ ಮಾನ ಹರಾಜು ಹಾಕಲಾ? ಆಡು ಕೊಯ್ದು, ಸೊಸೆ ಮುಂದೆ ಕೂತು ಉಂಡು ಈ ಕಟ್ಟು ಬಿಚ್ಚೋದು ಮಾವನ ಕೈಲಿದೆ. ನೀನೂ ಕೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ. ಈಗ ಆ ಮುದುಕಿ ಹಾಗೆ ಹೋದಳಲ್ಲ, ತಡೀಲಾರದೆ ಬಾಯಿ ಬಿಟ್ಟೆ ನೋಡು.”

ಶನಿವಾರ ಬಂತು. ಚರ್ಚಿನ ಕಟ್ಟಡದೊಳಗೆ ಹಿರಿಯರು, ಹೊರಗೆ ಮಾವಿನ ಮರದಡಿ ಮಹಿಳಾ ಸಂಘದ ಹೆಂಗಸರು. ನ್ಯಾಚಿರ್ವಾ ಬಾಗಿಲ ಬಳಿ ಮಂಡಿಯೂರಿ, ಮುದುಕ ಇದ್ದ ಕಡೆಗೆ ಬೆನ್ನು ಮಾಡಿ ಕೂತಳು.

“ಪೌಲನ ವಿಷಯಕ್ಕೆ ನಿನ್ನ ಉತ್ತರ ಹೇಳಮ್ಮ,” ಅಂದರು ಮ್ಹಾಂಗೊ.

“ಅಯ್ಯನವರೇ, ಪೌಲ ಹಾಗಿರಲಿ. ತೊಂದರೆ ನಂದು. ಈ ಸಭೆಯಲ್ಲಿ ನಾನು ಮರ್ಯಾದೆ ಕೊಡಬೇಕಾದ ಹಿರಿಯರಿದಾರೆ. ಅವರ ಎದುರು ಕೂತು ರೊಟ್ಟಿ ಮುರಿಯೋಕೆ ನನ್ನ ಕೈ ಬರಲ್ಲ. ಹೊಳೆಯಾಚೆ ಬೆಟ್ಟದ ಸಭೆಗೆ ಪಾದ್ರಿ ಇಲ್ಲ. ದೀಕ್ಷೆ ಕೊಟ್ಟರೆ ನಾನು ಅಲ್ಲಿಗೆ ಹೋಗ್ತೀನಿ. ಮನೆಯವರನ್ನ ಕೇಳಿದೀನಿ, ಸೈಕಲ್ ಅಲ್ಲೂ ಕೆಡುತ್ತೆ ಅಂದರು.”

ತನ್ನ ನಾಚಿಕೆಯನ್ನು ಸೊಸೆ ತಾನೇ ತಲೆಗೆ ಕಟ್ಟಿಕೊಂಡಳು ಎಂಬುದು ಮುದುಕನಿಗೆ ಆ ಕ್ಷಣಕ್ಕೇ ಅರ್ಥವಾಯಿತು. ಊರು ಬಿಟ್ಟು, ಮನೆ ಬಿಟ್ಟು, ಮೊಮ್ಮಕ್ಕಳನ್ನೂ ಕರೆದುಕೊಂಡು ಹೋಗಲು ಅವಳು ತಯಾರು. ಅವನು ಕೋಲೂರಿ ಎದ್ದು, “ಸಭೆ ನಾಳೆಗಿರಲಿ,” ಅಂದವನೇ ಹೊರಟುಹೋದ. ಮ್ಹಾಂಗೊ ಏನೂ ತಿಳಿಯದೆ ಕನ್ನಡಕ ತೆಗೆದು ಒರೆಸಿಕೊಂಡರು.

ಸಂಜೆಯೊಳಗೆ ಮಗ ಖುಂಬೊನ ಅಂಗಳದಲ್ಲಿ ಆಡು ಬೇಯುತ್ತಿತ್ತು. ನೆಂಟರೆಲ್ಲ ನೋಡುತ್ತಿದ್ದಂತೆ ಆಮೋಸಿ ಚಾಪೆಯ ಮೇಲೆ ಸೊಸೆಯ ಎದುರು ಕೂತ. ಎನ್ಸಿಮಾ ಮುದ್ದೆ ಮುರಿದ, ಮಾಂಸದ ರಸದಲ್ಲಿ ಅದ್ದಿದ, ಬಾಯಿಗಿಟ್ಟ. ಅವಳೂ ಒಂದು ತುತ್ತು ತಿಂದಳು. ನೀರು ಕುಡಿದಳು. ಆಮೇಲೆ ಮುದುಕ ನಿಧಾನಕ್ಕೆ ತಲೆ ಎತ್ತಿ ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ದೊಡ್ಡ ಮೊಮ್ಮಗಳ ಆ ಮೂಗು ಯಾರದಪ್ಪಾ ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ,” ಅಂದ. “ನಿಂದು.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನ್ಯಾಚಿರ್ವಾಳಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

“ನಿನ್ನ ಪ್ರಸಂಗ ಉದ್ದ ಜಾಸ್ತಿ,” ಮುದುಕ ಮುಂದುವರಿಸಿದ. “ಹೊರಗೆ ಗೋಡೆಗೆ ಒರಗಿ ನಿಂತು ನಿಂತು ನನ್ನ ಮಂಡಿ ಹೋಯ್ತು.”

“ಅಂದರೆ… ಮಾವ, ನೀವು ಕೇಳಿಸ್ಕೋತಿದ್ರಾ?”

“ಕೇಳದೆ? ಒಂದೂ ಬಿಟ್ಟಿಲ್ಲ. ಆದರೆ ಪೌಲನ ವಿಷಯದಲ್ಲಿ ನಾನು ಒಪ್ಪಿದೀನಿ ಅಂತ ತಿಳ್ಕೋಬೇಡ. ಅವನು ಹೇಳಿದ್ದು ಹೇಳಿದ್ದೇ. ಈಗ ನನ್ನ ಮುಖ ನೋಡ್ಕೊಂಡು ಉತ್ತರ ಕೊಡು, ನೋಡೋಣ.”

ಕೊಟ್ಟಳು ನೋಡಿ! ಇಷ್ಟು ವರ್ಷ ನಾಯಿಯ ಕಿವಿಗೆ ಬೀಳುತ್ತಿದ್ದ ಗಂಟಲು ಆ ಸಂಜೆ ಅಂಗಳ ತುಂಬಿತು. ಮುದುಕ ತೊಡೆ ತಟ್ಟಿ ವಾದಿಸಿದ, ಇವಳು ಚಾಪೆ ತಟ್ಟಿ ವಾದಿಸಿದಳು. ಮುದ್ದೆ ತಣ್ಣಗಾಯಿತು. “ತಿಂದಾದರೂ ಜಗಳ ಆಡ್ರೋ!” ಎಂದು ನ್ಯಾಮೊಯೊ ಗದರಿದರೂ ಕೇಳುವವರಿಲ್ಲ.

ಮರುದಿನ ಆರಾಧನೆ ಮುಗಿದ ಮೇಲೆ ಮ್ಹಾಂಗೊ ಹಿರಿಯರನ್ನು ಕೂರಿಸಿಕೊಂಡು ಕೇಳಿದರು, “ಕುಮ್ವೆಂಡರೇ, ಪೌಲನ ಸಮಾಚಾರ ಏನಾಯ್ತು?”

“ಅದು ಇನ್ನೂ ಮುಗಿದಿಲ್ಲ ಅಯ್ಯನವರೇ, ಮನೇಲಿ ನಡೀತಾ ಇದೆ. ಇವಳನ್ನ ಬೆಟ್ಟದಾಚೆ ಕಳಿಸಿಬಿಟ್ಟರೆ ನಾನು ಯಾರ ಹತ್ತಿರ ವಾದ ಮಾಡಲಿ?” ಎನ್ನುತ್ತಾ ಆಮೋಸಿ ಎಲ್ಲರಿಗಿಂತ ಮೊದಲು ಕೈ ಎತ್ತಿದ. ಅವನ ಹಿಂದೆ ಮಿಕ್ಕ ಕೈಗಳೂ ಎದ್ದವು. ಹೊರಗೆ ಹೆಂಗಸರ ಸಂತೋಷದ ಕೇಕೆ ಮಾವಿನ ಮರ ದಾಟಿ ಹೊಳೆಯವರೆಗೂ ಕೇಳಿಸಿತು.

ಈಗ ಪ್ರಭು ಭೋಜನದ ದಿನ ಬಂದು ನೋಡಿ. ಬಿಳಿ ಬಟ್ಟೆ ಹಾಸಿದ ಮೇಜಿನಾಚೆ ನಿಂತು ಅವಳು ರೊಟ್ಟಿ ಮುರಿದು ತಟ್ಟೆ ಚಾಚುತ್ತಾಳೆ. ಎದುರಿಗೆ ಕೂತ ಮುದುಕ ಎರಡೂ ಕೈಯಲ್ಲಿ ತೆಗೆದುಕೊಂಡು, ಅವಳ ಮುಖವನ್ನೇ ನೋಡುತ್ತಾ ಬಾಯಿಗೆ ಹಾಕಿಕೊಳ್ಳುತ್ತಾನೆ.