ತುತ್ತು ಇಳಿಯದವರ ಅಡುಗೆಮನೆ

ಇನ್ನೂ ನಸುಗತ್ತಲು. ಅಡುಗೆಯಮ್ಮ ದೋನ ಜರ್ಮಾನ ಮರಗೆಣಸಿನ ಗಂಜಿಯನ್ನು ಜರಡಿಯಲ್ಲಿ ಸೋಸುತ್ತಿದ್ದಾರೆ. ಒಳಕೋಣೆಯಿಂದ ಕೆಮ್ಮು ಕೇಳಿಬರುತ್ತದೆ. ಅವರ ಕೈ ತಟ್ಟನೆ ನಿಲ್ಲುತ್ತದೆ. ಅದು ಒಣ ಕೆಮ್ಮಲ್ಲ. ಮಲಗಿದಾಗ ಏನೋ ಮೇಲಕ್ಕೆ ಬಂದು ಸಿಕ್ಕಿಕೊಂಡ ಕೆಮ್ಮು.

ಗೊಯಾಸ್ ಸೀಮೆಯ ಹಳ್ಳಿಗಳಿಂದ ದೊಡ್ಡಾಸ್ಪತ್ರೆಗೆ ಬರುವ ರೋಗಿಗಳು ತಂಗುವ ಮನೆಯಿದು. ಹೆಚ್ಚಿನವರದು ಒಂದೇ ಕಾಯಿಲೆ. ಎಂದೋ ಮಣ್ಣಿನ ಗೋಡೆಯ ಬಿರುಕಿನ ಹುಳುವಿನಿಂದ ಹತ್ತಿದ ಸೋಂಕು ಅನ್ನನಾಳದ, ಕರುಳಿನ ನರಗಳನ್ನು ಸದ್ದಿಲ್ಲದೆ ಹಾಳುಮಾಡಿದೆ. ತುತ್ತು ತಾನಾಗಿ ಕೆಳಗಿಳಿಯುವುದಿಲ್ಲ, ನೀರು ಕುಡಿಕುಡಿದು ಇಳಿಸಬೇಕು. ಬಹಿರ್ದೆಸೆಗೆ ವಾರಗಟ್ಟಲೆ ಕಾಯಬೇಕು. ಜರ್ಮಾನರ ತಾಯಿಗೂ ಇದೇ ಇತ್ತು. "ನಾಲ್ಕು ಜನರ ಮುಂದೆ ಊಟಕ್ಕೇ ಕೂರ್ತಿರ್ಲಿಲ್ಲ ಅಮ್ಮ. ಏನು ಮಾಡಿಕೊಟ್ರೆ ಇಳಿಯತ್ತೆ ಅಂತ ನಂಗಾಗ ಗೊತ್ತಿರ್ಲಿಲ್ಲ," ಎನ್ನುತ್ತಾರೆ.

ಕೆಮ್ಮುತ್ತಿರುವವನು ದನ ಕಾಯುವ ಬೆಲರ್ಮಿನೊ. ಅನ್ನನಾಳದ ಬಿಗಿದ ತುದಿಯನ್ನು ಹಿಗ್ಗಿಸುವ ಸರದಿ ಇಂದು ಅವನದು. ಎಷ್ಟೋ ತಿಂಗಳಿಂದ ಕಾದಿದ್ದಾನೆ. ಅದಕ್ಕೆಂದೇ ಬರೀ ತಿಳಿಸಾರಿನ ಪಥ್ಯ. ನಾಳದಲ್ಲಿ ಏನಾದರೂ ಉಳಿದಿದ್ದರೆ, ಮಂಪರಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಕುತ್ತು. ಆಸ್ಪತ್ರೆಯ ವ್ಯಾನು ಇನ್ನೇನು ಬರಬೇಕು.

"ನಿನ್ನೆ ಏನು ತಿಂದೆ?" ಜರ್ಮಾನ ಒಳಗೆ ಹೋಗಿ ಕೇಳುತ್ತಾರೆ.

"ಏನೂ ಇಲ್ಲಕ್ಕ. ನಿಮ್ಮ ಸಾರೇ."

"ಅಲ್ಸಿರಾ ಬಂದಿದ್ಲಲ್ಲ. ಬರಿಗೈಲಿ ಬಂದ್ಲಾ?"

ಅಲ್ಸಿರಾ ಬೆಲರ್ಮಿನೊನ ಮಗಳ ಜ್ಞಾನತಾಯಿ. ಈ ಕಡೆ ಮಗುವಿನ ಜ್ಞಾನಸ್ನಾನಕ್ಕೆ ನಿಂತವರೆಂದರೆ ಒಡಹುಟ್ಟಿದವರಿಗಿಂತ ಹೆಚ್ಚು. ಅವರು ಕೈಯಾರೆ ಮಾಡಿ ತಂದದ್ದನ್ನು ಒಲ್ಲೆ ಎಂದರೆ ನಂಟನ್ನೇ ಕಡಿದುಕೊಂಡಂತೆ.

"ಪಮೋನ್ಯ ತಂದಿದ್ಲು," ಎಂದು ಒಪ್ಪಿಕೊಳ್ಳುತ್ತಾನೆ. ಎಳೆ ಮುಸುಕಿನ ಜೋಳ ಅರೆದು, ಸಿಪ್ಪೆಯಲ್ಲೇ ಕಟ್ಟಿ ಬೇಯಿಸಿದ ಕಡುಬು ಅದು. "ಬೇಡ ಅನ್ನೋಕೆ ಬಾಯಿ ಬರ್ಲಿಲ್ಲ. ಅರ್ಧ ತಿಂದೆ ಅಷ್ಟೇ. ಹೇಳ್ಬೇಡಿ ಅಕ್ಕ, ಈ ಸರದಿ ತಪ್ಪಿದ್ರೆ ಮತ್ತೆ ಯಾವಾಗ್ಲೋ ಏನೋ."

"ಹೇಳ್ತೀನಿ."

"ನಿಮ್ಮನ್ನ ಅಕ್ಕ ಅಂತ ಕರೆದ್ನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ."

ಹೊರಗೆ ವ್ಯಾನಿನ ಹಾರನ್ನು. ಜರ್ಮಾನ ಆಸ್ಪತ್ರೆಗೆ ಫೋನ್ ಮಾಡುತ್ತಾರೆ. ಇವತ್ತು ಹಿಗ್ಗಿಸುವುದು ಬೇಡ, ಮಧ್ಯಾಹ್ನ ಕರೆತಂದು ಕೆಮ್ಮು ತೋರಿಸಿ ಎನ್ನುತ್ತಾಳೆ ನರ್ಸು. ವ್ಯಾನು ಅವನನ್ನು ಬಿಟ್ಟು ಹೊರಡುತ್ತದೆ. ಅಷ್ಟು ಕಾದವನ ಸರದಿ ತಾವೇ ತಪ್ಪಿಸಿದ್ದು ಜರ್ಮಾನರಿಗೂ ಸಂಕಟವೇ.

ಬೆಲರ್ಮಿನೊ ಬೈದುಕೊಳ್ಳುತ್ತಲೇ ಅಂಗಳಕ್ಕೆ ಹೋಗಿ ಕೂರುತ್ತಾನೆ.

"ಬೈಕೊಳ್ಳಲಿ ಬಿಡಿ," ಎನ್ನುತ್ತಾರೆ ಜರ್ಮಾನ, ಆರಿದ ಗಂಜಿಯನ್ನು ಮತ್ತೆ ಒಲೆಗೇರಿಸುತ್ತಾ. "ನನ್ನ ಆಸೆ ಇಷ್ಟೇ. ಇಲ್ಲಿಗೆ ಬಂದವ್ರು ನನ್ನ ಬೈಕೊಂಡಾದ್ರೂ ಸರಿ, ತಮ್ಮ ಕಾಲ ಮೇಲೆ ನಡ್ಕೊಂಡು ಊರಿಗೆ ಹೋಗ್ಬೇಕು."