ಮೊದಲು ನೀವು ನುಂಗಿ, ಸಿಸ್ಟರ್

ಮಲಾವಿ ಸರೋವರದ ದಡದುದ್ದಕ್ಕೂ ಒಣಮೀನು ಮಾರುವ ಎನಿಫಾಳ ಅನುಮಾನಕ್ಕೆ ಹೆದರದವರಿಲ್ಲ. ಹುಟ್ಟಿದ ಗಳಿಗೆಯಲ್ಲೇ ಸೂಲಗಿತ್ತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಇವಳು ಯಾರ ಕಡೆಯವಳು?’ ಎಂಬಂತೆ ಹುಬ್ಬು ಗಂಟಿಕ್ಕಿದಳಂತೆ. ಮದುವೆಯಲ್ಲಿ ಪಾದ್ರಿ ಒಪ್ಪಿಗೆಯೇ ಎಂದು ಕೇಳಿದರೆ, ‘ಯಾಕೆ ಕೇಳ್ತಿದೀರಿ?’ ಎಂದು ತಿರುಗಿ ಕೇಳಿದಳಂತೆ. ಅವಳನ್ನು ಕಂಡರೆ ಮೊಸಳೆಗಳು ದಡ ಬಿಟ್ಟು ನೀರಿಗಿಳಿಯುತ್ತಿದ್ದವು ಎನ್ನುವುದು ಬಹುಶಃ ಸ್ವಲ್ಪ ಅತಿ.

ಆ ಸೀಮೆಯಲ್ಲಿ ಜೋಳದ ಬಿಯರ್ ಕಾಯಿಸಿದವಳು ಮೊದಲ ಗುಟುಕು ತಾನೇ ಕುಡಿದು, ವಿಷವಿಲ್ಲವೆಂದು ತೋರಿಸಿ, ಆಮೇಲೆ ಸೋರೆಬುರುಡೆಯನ್ನು ಅತಿಥಿಯ ಕೈಗೆ ಕೊಡುವುದು ಪದ್ಧತಿ. ಉಳಿದವರಿಗೆ ಅದು ಬಿಯರಿಗಷ್ಟೇ ಸಂಬಂಧಪಟ್ಟಿದ್ದು. ಎನಿಫಾಳಿಗೆ ಗಂಜಿ, ಚಹಾ, ಬಾವಿಯ ನೀರು ಎಲ್ಲಕ್ಕೂ. ಅತ್ತೆ ಬಡಿಸಿದ ಮೀನಿನ ಸಾರಿಗೂ ಅದೇ ಮಾತು: ‘ಮೊದಲು ನೀವು, ಅತ್ತೆ.’

ಆದರೆ ಈ ಸಲದ ಅನುಮಾನಕ್ಕೆ ನಗುವಂತಿರಲಿಲ್ಲ. ಹೋದ ಮಳೆಗಾಲ ಅವಳ ಚೊಚ್ಚಲ ಮಗು ಒಂದೂವರೆ ಕಿಲೋ ತೂಗಿ, ಒಂಬತ್ತು ದಿನ ಉಸಿರಾಡಿ ಹೋಗಿಬಿಟ್ಟಿತ್ತು. ಈಗ ಮತ್ತೆ ನಾಲ್ಕು ತಿಂಗಳ ಬಸುರಿ. ಈ ಮಗುವಿನ ಹತ್ತಿರ ಕೇಡೊಂದೂ ಸುಳಿಯದಂತೆ ಕಾಯಬೇಕಿತ್ತು. ಯಾವುದು ಕೇಡು ಎಂದು ಗೊತ್ತಿಲ್ಲದ್ದರಿಂದ ಎಲ್ಲದರ ಮೇಲೂ ಕಣ್ಣಿಟ್ಟಿದ್ದಳು.

ಆಸ್ಪತ್ರೆಯಲ್ಲಿ ನರ್ಸ್ ಡಾಲಿಟ್ಸೊ ಎನಿಫಾಳ ಅಂಗೈಗೆ ಮೂರು ಬಿಳಿ ಗುಳಿಗೆ ಹಾಕಿದಳು. ‘ಮಲೇರಿಯಾ ಬರದೇ ಇರೋಕೆ. ಇಲ್ಲೇ, ನನ್ನೆದುರಿಗೇ ನುಂಗಿಬಿಡಿ.’

ಎನಿಫಾ ಪಕ್ಕದ ಮನೆಯ ಫಲೇಸಿಯ ಕಿವಿಗೆ ಬಾಗಿದಳು. ‘ತಲೆನೋವಿನ ಮಾತ್ರೆ ಆದ್ರೆ ಪೊಟ್ಟಣ ಕಟ್ಟಿ ಮನೆಗೆ ಕೊಡ್ತಾಳೆ. ಇದನ್ನ ಮಾತ್ರ ಇಲ್ಲೇ ನುಂಗ್ಬೇಕಂತೆ. ಯಾಕೆ?’

‘ಮುಂದೆ ಬಸಿರೇ ಆಗದ ಹಾಗೆ ಮಾಡೋ ಗುಳಿಗೆ ಅಂತ ಮಾರ್ಕೆಟ್ಟಲ್ಲಿ ಅಂತಾರೆ ಕಣೇ’ ಎಂದಳು ಫಲೇಸಿ. ಅವಳೂ ಬಸುರಿ, ಆರನೆಯದು. ‘ನಾನಂತೂ ನುಂಗಿದೆ. ಇದೊಂದು ಆದ್ಮೇಲೆ ಮಕ್ಕಳಾಗೋದು ನಿಂತ್ರೆ ಪುಣ್ಯ.’

ಎನಿಫಾ ಗುಳಿಗೆಗಳನ್ನು ನಾಲಿಗೆಯಡಿ ಅಡಗಿಸಿ, ನೀರು ಕುಡಿದು, ಮನೆಗೆ ಬಂದು ಹಿತ್ತಲಲ್ಲಿ ಉಗಿದಳು. ಆಮೇಲೆ ಅವನ್ನು ಪುಡಿಮಾಡಿ ಜೋಳದ ತೌಡಿಗೆ ಬೆರೆಸಿ ಕೆಂಪು ಕೋಳಿಗೆ ಹಾಕಿ, ಮಹಾ ಪರೀಕ್ಷೆಗೆ ಕುಳಿತಳು. ಎರಡು ದಿನ ಕೋಳಿ ಚೆನ್ನಾಗಿತ್ತು. ಮೂರನೆಯ ದಿನ ಮಾಯ. ಗುಳಿಗೆಯ ಪ್ರಭಾವವೋ ಅಂದುಕೊಳ್ಳುವಷ್ಟರಲ್ಲಿ ಫಲೇಸಿಯ ಅಡುಗೆಮನೆಯ ಹಿಂದೆ ಕೆಂಪು ಪುಕ್ಕಗಳು ಕಂಡವು. ಹೀಗೆ ವಿಜ್ಞಾನಕ್ಕೆ ದೊಡ್ಡ ನಷ್ಟವಾಯಿತು.

ತಿಂಗಳು ಕಳೆದು ಮತ್ತೆ ಅದೇ ಸಾಲು, ಅದೇ ಮೂರು ಗುಳಿಗೆ.

‘ನಾಲಿಗೆ ಎತ್ತಿ’ ಎಂದಳು ಡಾಲಿಟ್ಸೊ.

ಎನಿಫಾ ಎತ್ತಲಿಲ್ಲ. ಗುಳಿಗೆಗಳನ್ನು ಅಂಗೈಗೆ ಉಗಿದು ಕೇಳಿದಳು: ‘ನನಗೆ ಜ್ವರಾನೇ ಇಲ್ಲ. ಹೋದ ಸಲಾನೂ ಒಂದು ದಿನ ಮೈ ಬಿಸಿಯಾಗಲಿಲ್ಲ. ಇಲ್ಲದ ಕಾಯಿಲೆಗೆ ಔಷಧ ಯಾಕೆ ಸಿಸ್ಟರ್?’

‘ಹೋದ ಸಲ ಮಗು ಎಷ್ಟು ತೂಗಿತ್ತು?’

‘ಒಂದೂವರೆ ಕಿಲೋ.’ ನರ್ಸ್ ದನಿ ತಗ್ಗಿಸಿದಳು. ‘ಹೋದ ಸಲ ಏನಾಗಿತ್ತು ಅಂತ ನಾನು ಹೇಳಲಾರೆ, ಅಮ್ಮ. ಆದ್ರೆ ಬಸುರಿಯಲ್ಲಿ ಮಲೇರಿಯಾ ಜ್ವರ ತೋರಿಸದೇನೂ ಇರುತ್ತೆ. ಹೊಕ್ಕುಳಬಳ್ಳಿ ಅಂಟಿಕೊಂಡಿರೋ ಮಾಸಿನಲ್ಲಿ ಅಡಗಿ ಕೂತು, ಮಗೂಗೆ ಹೋಗಬೇಕಾದ್ದನ್ನ ತಡೆಯುತ್ತೆ. ಮಗು ಒಳಗೊಳಗೇ ಸೊರಗುತ್ತೆ. ಅದಕ್ಕೇ ಈ ಗುಳಿಗೆ, ತಿಂಗಳಿಗೊಂದು ಸಲ.’

‘ಅಡಗಿ ಕೂತಿರುತ್ತಾ?’ ಎನಿಫಾಳ ಕಣ್ಣು ಕಿರಿದಾಯಿತು. ಜನ್ಮವಿಡೀ ಹುಡುಕುತ್ತಿದ್ದ ಶತ್ರುವಿನ ವಿಳಾಸವನ್ನು ಕೊನೆಗೂ ಒಬ್ಬರು ಹೇಳಿದ್ದರು. ಆದರೆ ವಿಳಾಸ ಹೇಳಿದವಳನ್ನೂ ನಂಬುವುದು ಹೇಗೆ? ಅಂಗೈ ಮುಂದೆ ಚಾಚಿದಳು. ‘ಸರಿ. ಮೊದಲು ನೀವು ನುಂಗಿ, ಸಿಸ್ಟರ್.’

ಸಾಲಿನಲ್ಲಿದ್ದ ಹೆಂಗಸರು ಕತ್ತು ಚಾಚಿದರು.

‘ಇದು ಬಿಯರ್ ಅಲ್ಲಮ್ಮ. ಬಸುರಿಯರಿಗೆ ಮಾತ್ರ ಕೊಡೋದು.’

‘ನೋಡಿದ್ರಾ!’ ಎಂದಳು ಎನಿಫಾ ಸಾಲಿನ ಕಡೆ ತಿರುಗಿ. ‘ಕಾಯಿಸಿದವಳೇ ಕುಡಿಯೋಲ್ವಂತೆ!’

ಇಬ್ಬರು ಬಸುರಿಯರು ಮೆಲ್ಲಗೆ ಬಾಗಿಲ ಕಡೆ ಸರಿದರು. ಡಾಲಿಟ್ಸೊ ಅವರನ್ನು ನೋಡಿದಳು, ಎನಿಫಾಳನ್ನು ನೋಡಿದಳು, ಗೋಡೆಯನ್ನೂ ಒಮ್ಮೆ ನೋಡಿದಳು. ಆಮೇಲೆ ಕೈಚೀಲದಿಂದ, ಸಾಲಿನ ಬಸುರಿಯರ ಕೈಯಲ್ಲಿದ್ದಂಥದೇ, ತನ್ನ ಆರೋಗ್ಯದ ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದಳು. ‘ಡ್ಯೂಟಿ ಮುಗಿದ ಮೇಲೆ ತಗೊಳ್ಳೋಣ ಅಂತಿದ್ದೆ’ ಎನ್ನುತ್ತಾ ಮೂರು ಗುಳಿಗೆ ಬಾಯಿಗೆ ಹಾಕಿ ನೀರು ಕುಡಿದಳು.

ಮರುಕ್ಷಣ ಹಿಂದಿನ ಬೆಂಚಿನ ಮುದುಕಿಯೊಬ್ಬಳು ನಾಲಿಗೆ ಹೊರಳಿಸಿ ಉಲಿದ ಹರ್ಷದ ಕೂಗು ತಗಡಿನ ಮಾಡನ್ನು ನಡುಗಿಸಿತು.

‘ಎಷ್ಟು ತಿಂಗಳು, ಸಿಸ್ಟರ್?’ ಫಲೇಸಿ ಕಿರುಚಿದಳು.

‘ನಾಲ್ಕು. ಇನ್ನೂ ನಮ್ಮತ್ತೆಗೇ ಹೇಳಿಲ್ಲ. ದಯವಿಟ್ಟು ಊರಲ್ಲಿ...’

‘ಸಂಜೆಯೊಳಗೆ ನಾವೇ ಹೇಳ್ತೀವಿ ಬಿಡಿ!’

ಎನಿಫಾ ಮಾತ್ರ ಈ ಗದ್ದಲಕ್ಕೆ ಸಿಗಲಿಲ್ಲ. ‘ನಾಲಿಗೆ ಎತ್ತಿ’ ಎಂದಳು. ನರ್ಸ್ ಎತ್ತಿದಳು. ಎನಿಫಾ ಎಡಕ್ಕೂ ಬಲಕ್ಕೂ ಬಾಗಿ ನೋಡಿದಳು. ಏನೂ ಇರಲಿಲ್ಲ. ಆಗ ತನ್ನ ಮೂರನ್ನೂ ನುಂಗಿ, ಕೇಳುವ ಮುಂಚೆಯೇ ನಾಲಿಗೆ ಎತ್ತಿ ತೋರಿಸಿದಳು. ಹೆರಿಗೆಯವರೆಗೆ ತಿಂಗಳು ತಪ್ಪದೆ ನುಂಗಿದಳು. ಪ್ರತಿ ಸಲವೂ ಮೊದಲ ಸರದಿ ಡಾಲಿಟ್ಸೊಳದ್ದೇ.

ಮಗಳು ಮೂರು ಕಿಲೋ ತೂಗಿದಳು. ತಕ್ಕಡಿಯ ಮೇಲೂ ಅನುಮಾನ ಬಂದು ಎನಿಫಾ ಎರಡು ಸಲ ತೂಗಿಸಿದಳು. ಹತ್ತನೆಯ ದಿನ ಬೆಳಗಾದಾಗ ಮಗು ಕೈಕಾಲು ಆಡಿಸುತ್ತಿತ್ತು. ಅಷ್ಟರಲ್ಲಿ ಊರಿನಲ್ಲಿ ಕಥೆ ಬೆಳೆದಿತ್ತು: ಎನಿಫಾಳಿಗೆ ಕನಸಿನಲ್ಲಿ ಅಜ್ಜಿ ಬಂದು ಅಪ್ಪಣೆ ಕೊಟ್ಟಳಂತೆ, ಗುಳಿಗೆ ಗಂಟಲಿಗೆ ಇಳಿಯುವಾಗ ಬೆಳಕು ಕಂಡಿತಂತೆ.

ಫಲೇಸಿ ಒಂದು ಕೋಳಿ ಹಿಡಿದುಕೊಂಡು ಮಗುವನ್ನು ನೋಡಲು ಬಂದಳು. ಭಕ್ತಿಯಿಂದ ಪಕ್ಕದಲ್ಲಿ ಕುಳಿತು ಕೇಳಿದಳು: ‘ನಿಜ ಹೇಳೇ, ಅವತ್ತು ನುಂಗುವಾಗ ನಿನಗೆ ಏನನ್ನಿಸ್ತು?’

ಎನಿಫಾ ಮಗುವನ್ನು ಇನ್ನೊಂದು ಮೊಲೆಗೆ ಬದಲಿಸಿಕೊಂಡಳು.

‘ಮಗು ಬೇಕಿತ್ತು, ನುಂಗಿದೆ. ನೀರು ಸಾಲಲಿಲ್ಲ.’